ಮಾಮನ ದೊಡ್ಡಿಗೆ ನುಗ್ಗಿದ ತೋಳ

ಕಾಲುವೆಯ ನೀರು ಗೊರೇಬಾಳದ ಕಡೆಯ ಹೊಲಗಳನ್ನು ಗದ್ದೆಗಳನ್ನಾಗಿಸುತ್ತಿದ್ದ ಆ ದಿನಗಳಲ್ಲಿ, ನಮ್ಮ ಪಾಮನಕಲ್ಲೂರು ಇನ್ನೂ ಜೋಳವನ್ನೂ ಕುರಿಗಳನ್ನೂ ನಂಬಿಕೊಂಡಿತ್ತು. ಚಳಿ ಇಳಿಯುವ ಹೊತ್ತಿಗೆ ಹೊಲಹೊಲದಲ್ಲೂ ಹಸಿ ಜೋಳದ ತೆನೆ ಸುಟ್ಟು ಸೀತನಿ ಬಡಿಯುವ ವಾಸನೆ. ಬಿಸಿ ಕಾಳನ್ನು ಶೇಂಗಾ ಹಿಂಡಿಯೊಂದಿಗೆ ಮುಕ್ಕಿ, ಮಸಿಯಾದ ತುಟಿಗಳಿಂದಲೇ ನಾವು ಮಕ್ಕಳು ‘ತ್ವಾಳದ ಮಾಸ್ತರ’ರ ಹಿಂದೆ ಓಡುತ್ತಿದ್ದೆವು.

ಅವರು ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ತೋಳಗಳ ಅಭ್ಯಾಸಕ್ಕೆಂದು ಬಂದು ನನ್ನ ಸೋದರಮಾವ ಹನುಮಪ್ಪನ ಮನೆಯಲ್ಲಿ ಇಳಿದುಕೊಂಡಿದ್ದರು. ಗುಡ್ಡದ ಸುತ್ತ ಹೆಜ್ಜೆ ಅಳೆಯುವರು. ಒಣಗಿದ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ, ಮೂಗು ಮುಚ್ಚಿಕೊಂಡ ನಮಗೆ ಮೊಲದ ಕೂದಲನ್ನೂ ಇಲಿಯ ಹಲ್ಲನ್ನೂ ತೋರಿಸುವರು. ಒಂದು ಸಂಜೆ, ದೂರದ ಬಂಡೆಯ ಮರೆಯಿಂದ, ಗವಿಯ ಮುಂದೆ ತಾಯಿಯ ಬಾಲ ಕಚ್ಚಿ ಎಳೆದಾಡುತ್ತಿದ್ದ ತೋಳದ ಮರಿಗಳನ್ನೂ ತೋರಿಸಿದರು. ಅಂದಿನಿಂದ ಅವು ನಮ್ಮವೇ ಆದವು.

ಆ ವಾರವೇ ಮಾಮನ ಎರಡು ಕುರಿಮರಿಗಳನ್ನು ತೋಳ ಒಯ್ದಿತು.

“ನಾಳೆ ಗವಿ ಬಾಯಿಗೆ ಹುಲ್ಲು ಒಟ್ಟಿ ಬೆಂಕಿ ಹಚ್ತೀನಿ. ಮರಿ ಸುದ್ದಾ ಸುಟ್ಟು ಹೋಗ್ಲಿ,” ಎಂದ ಮಾಮ. ನನಗೆ ಅಳು ಬಂತು.

ಮಾಸ್ತರರು ವಾದಕ್ಕಿಳಿಯದೆ ನನ್ನ ಹೆಗಲ ಮೇಲೆ ಕೈಯಿಟ್ಟರು. “ಹೆಜ್ಜಿ ನೋಡೀನ್ರೀ ಹನುಮಪ್ಪ. ತ್ವಾಳ ಬೇಲಿ ಹಾರಿಲ್ಲ, ನುಸುಳೈತಿ. ನಿಮ್ಮ ಕಣ್ಣು ತಪ್ಪಿಸಿ ನಿಮ್ಮ ದೊಡ್ಡ್ಯಾಗಿಂದ ಈ ಗಂಗಿ ಒಂದು ಕುರಿಮರಿ ತಂದ್ಲಂದ್ರ ಬೆಂಕಿ ಬಿಟ್ಟು ಬೇಲಿ ಕಟ್ರಿ. ತರಲಿಲ್ಲಂದ್ರ ನಿಮ್ಮ ಮರ್ಜಿ.”

“ನನ್ನ ಬೇಲ್ಯಾಗ ಹಾವು ಸುದ್ದಾ ನುಸುಳಂಗಿಲ್ಲ! ಈ ಸಿಂಬಳಬುರುಕಿ ನುಸುಳ್ತಾಳಂತ!”

ಮಾಮ ಕೋಲು ಹಿಡಿದು ದೊಡ್ಡಿಯ ಬಾಗಿಲಲ್ಲಿ ಕುಳಿತ. ಸುತ್ತ ಜನ ಕೂಡಿತು.

ನಾನು ಮಾಸ್ತರರು ಕಲಿಸಿದಂತೆ ನೆಲ ನೋಡುತ್ತಾ ಹಿಂಬದಿಗೆ ಹೋದೆ. ಕಲ್ಲುಗೋಡೆ ಮುಗಿದು ಜಾಲಿಮುಳ್ಳಿನ ಬೇಲಿ ತೊಡಗುವ ಮೂಲೆಯಲ್ಲಿ ತೋಳದ ಹೆಜ್ಜೆಗಳು ನಿಂತಿದ್ದವು. ಅಲ್ಲಿ ಕುರಿಗಳು ಮೈ ತಿಕ್ಕಿ ತಿಕ್ಕಿ ಮುಳ್ಳು ಸರಿದಿತ್ತು. ತೆವಳಿ ಒಳಹೊಕ್ಕೆ. ಕಾವಲಿನ ನಾಯಿ ಬಾಲ ಅಲ್ಲಾಡಿಸಿ ನನ್ನ ಕಿವಿ ನೆಕ್ಕಿತು. ಲಂಗ ಹರಿಯಿತು, ಮೊಣಕೈ ತರಚಿತು. ಮರಿಯೊಂದನ್ನು ಎದೆಗವಚಿಕೊಂಡು ಹೊರಬಂದು, ಸುತ್ತು ಹಾಕಿ ಮಾಮನ ಬೆನ್ನ ಹಿಂದೆ ನಿಂತೆ. ಮರಿ ಅವನ ಕಿವಿಯಲ್ಲೇ “ಮ್ಯಾ” ಎಂದಿತು.

“ಮಾಮಾ, ತ್ವಾಳ ಬಂದೈತಿ!”

ಜನ ಬಿದ್ದು ಬಿದ್ದು ನಕ್ಕರು.

“ನಾಯಿಗೆ ಇಕಿ ಗುರ್ತು ಅದಾಳ್ರೀ, ಇದು ಲೆಕ್ಕಕ್ಕಿಲ್ಲ!” ಎಂದು ಮಾಮ ಕೂಗಿದ.

ಅವನ ಅಕ್ಕ, ಅಂದರೆ ನಮ್ಮ ಅವ್ವ, ಬಿಡಲಿಲ್ಲ: “ಏ ಹನುಮ, ತ್ವಾಳಕ್ಕ ಬಾಗ್ಲ ಬಿಟ್ಟಾಂವ ನೀನು, ಬೆಂಕಿ ಮಾತ್ರ ಅದರ ಮರಿಗೇನೋ?”

ಮಾಮನಿಗೂ ನಗು ತಡೆಯಲಾಗಲಿಲ್ಲ. “ಥೂ ನಿನ್ನ! ತ್ವಾಳಕ್ಕಿಂತ ಜೋರು ಅದೀ ಬಿಡಬೇ,” ಎಂದು ನನ್ನ ಜಡೆ ಎಳೆದ.

ಮರುದಿನ ಅವನು ಹೊತ್ತು ತಂದದ್ದು ಹುಲ್ಲನ್ನಲ್ಲ, ಮುಳ್ಳನ್ನು. ಆಮೇಲೆ ಊರಿನ ಕುರಿಗಾರರೆಲ್ಲ, “ಬರ್ರಲೇ ತ್ವಾಳಗೋಳ, ನಮ್ಮ ದೊಡ್ಡೀನೂ ನೋಡ್ರಿ,” ಎಂದು ಮಕ್ಕಳಾದ ನಮ್ಮನ್ನು ಕರೆಯತೊಡಗಿದರು. ಒಳಗೆ ನುಸುಳಿದವರಿಗೆ ಉಡಿ ತುಂಬ ಸೀತನಿ! ಬೇಸಿಗೆಯ ಹೊತ್ತಿಗೆ ಕಾಲು ಉದ್ದವಾಗಿ ಬೆಳೆದ ಆ ತೋಳದ ಮರಿಗಳು ತಾಯಿಯ ಹಿಂದೆ ಸಾಲಾಗಿ ಹಳ್ಳ ದಾಟುವುದನ್ನು ಮಾಮನೇ ನನ್ನನ್ನು ಹೆಗಲೇರಿಸಿಕೊಂಡು ತೋರಿಸಿದ.

ಈಗ ಆ ಗುಡ್ಡವನ್ನು ಕಲ್ಲಿಗಾಗಿ ಅರ್ಧ ಒಡೆದಿದ್ದಾರೆ. ದೊಡ್ಡಿಗಳಿಗೆ ತಂತಿಯ ಬಲೆ ಬಂದಿದೆ. ಕುರಿಗಳು ನಿಶ್ಚಿಂತೆಯಾಗಿ ಮಲಗುತ್ತವೆ. ಬೇಲಿಯಲ್ಲಿ ಒಂದು ಸಂದಿಯೂ ಉಳಿದಿಲ್ಲ. ಅದನ್ನು ಹುಡುಕಿಕೊಂಡು ಬರುವವರೂ ಉಳಿದಿಲ್ಲ.