ಯಾರನ್ನು ಬಿಡಬೇಕು

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವಳನ್ನು ಎಲ್ಲರೂ ‘ಬೆಣ್ಣೆ’ ಎಂದೇ ಕರೆಯುತ್ತಿದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಲಿನಿಂದ ಜನರನ್ನು ತೆಗೆಯುತ್ತಾಳೆ ಅಂತ ಮೇಲ್ವಿಚಾರಕ ಇಟ್ಟ ಹೆಸರು. ಕಂಪನಿ ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುತ್ತಿತ್ತು. ಹೇಗೂ ಕೆಲವರು ಬರುವುದಿಲ್ಲ ಎಂಬ ಲೆಕ್ಕ. ಎಲ್ಲರೂ ಬಂದುಬಿಟ್ಟ ದಿನ ಯಾರನ್ನಾದರೂ ಹತ್ತಿಸದೆ ಉಳಿಸಲೇಬೇಕು. ಅದು ಅವಳ ಕೆಲಸ.

ನಿಯಮದ ಪ್ರಕಾರ ಕಡಿಮೆ ದರದ ಟಿಕೆಟಿನವರು ಮೊದಲು. ಅವರಲ್ಲೂ ಯಾರು ಎಂಬುದನ್ನು ಅವಳು ಮುಖ ನೋಡಿಯೇ ಅಳೆಯುತ್ತಿದ್ದಳು. ದನಿ ಏರಿಸುವವರು ಬೇಡ, ಮಕ್ಕಳನ್ನು ಕಟ್ಟಿಕೊಂಡವರು ಬೇಡ, ಫೋನ್ ಎತ್ತಿ ವಿಡಿಯೊ ಮಾಡುವವರಂತೂ ಬೇಡವೇ ಬೇಡ. ಚೀಲವನ್ನು ಎದೆಗವಚಿಕೊಂಡು ಒಬ್ಬರೇ ನಿಂತ ವಯಸ್ಸಾದವರು ಸಿಕ್ಕರೆ ಆಯಿತು. ಕೈ ಹಿಡಿದು “ಅಮ್ಮಾ, ಬೆಳಗಿನ ವಿಮಾನಕ್ಕೆ ಖಂಡಿತ ಕಳಿಸ್ತೀನಿ” ಅಂದರೆ, ತಾವೇ ಏನೋ ತಪ್ಪು ಮಾಡಿದವರಂತೆ ಸಂಕೋಚಪಟ್ಟು ಪಕ್ಕಕ್ಕೆ ಸರಿಯುತ್ತಿದ್ದರು.

ಅವಳಿದ್ದ ಊರಿನ ಆಸ್ಪತ್ರೆಯಲ್ಲಿ ಸೋದರಮಾವ ಇಂದೋ ನಾಳೆಯೋ ಎಂಬಂತಿದ್ದಾಗ, ತಮ್ಮನ ಮುಖ ನೋಡಲು ಅವಳ ತಾಯಿ ದೂರದೂರಿನಿಂದ ಹೊರಟಳು. ಟಿಕೆಟ್ ಮಾಡಿಸಿದವಳು ಮಗಳೇ, ಎಲ್ಲಕ್ಕಿಂತ ಅಗ್ಗದ್ದು. ಮಧ್ಯಾಹ್ನ ತಾಯಿಯ ಫೋನ್ ಬಂತು.

“ಸೀಟಿಲ್ವಂತೆ ಕಣೇ. ನಾಳೆ ಬೆಳಿಗ್ಗೆ ಕಳಿಸ್ತಾರಂತೆ.”

“ಮಾವನಿಗೆ ಹೀಗಾಗಿದೆ ಅಂತ ಹೇಳ್ಲಿಲ್ವಾ?”

“ಹೇಳ್ದೆ. ಪಾಪ, ಈ ಕೌಂಟರಿನ ಹುಡುಗಿ ಎಷ್ಟು ಚೆನ್ನಾಗಿ ಮಾತಾಡ್ಸಿದ್ಲು ಗೊತ್ತಾ? ಥೇಟ್ ನಿನ್ನ ಹಾಗೇ.”

“ಫೋನ್ ಅವಳ ಕೈಗೆ ಕೊಡು.”

ಹುಡುಗಿ ಫೋನ್ ತೆಗೆದುಕೊಂಡಾಗ ಇವಳೆಂದಳು: “ನಾನೂ ಇದೇ ಕಂಪನಿಯ ಕೌಂಟರಿನಲ್ಲೇ ಇರೋದು. ನಮ್ಮಮ್ಮನ್ನ ಹತ್ತಿಸಿ.”

ಆ ಕಡೆಯ ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮಗೆ ಗೊತ್ತಿಲ್ದೇ ಇರೋದೇನಿದೆ ಅಕ್ಕ? ನೀವೇ ಹೇಳಿ, ಇವರ ಬದಲು ಯಾರನ್ನ ಬಿಡ್ಲಿ?”

“ಅಮ್ಮನಿಗೆ ಫೋನ್ ಕೊಡಿ” ಅಂದಳು ಅವಳು.

ಮಾವ ಬೆಳಗಿನ ತನಕ ಕಾಯಲಿಲ್ಲ. ತಾಯಿ ಬರುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹೊದಿಸಿಯಾಗಿತ್ತು. ಬಟ್ಟೆ ಸರಿಸಿ ತಮ್ಮನ ಕೆನ್ನೆ ಸವರಿದಳು. “ಅಕ್ಕ ಬರ್ತಾಳೆ ಅಂತ ಬಾಗಿಲ ಕಡೆನೇ ನೋಡ್ತಿದ್ರು” ಅಂತ ಅತ್ತೆ ಹೇಳಿದಾಗ, ತಾಯಿ ಮಗಳ ಕಡೆ ತಿರುಗಿದಳು.

“ನಿನ್ನ ಕೆಲಸವೂ ಇದೇನಾ?”

“ಹೂಂ.”

ತಾಯಿ ತಮ್ಮನ ಮುಖಕ್ಕೆ ಮತ್ತೆ ಬಟ್ಟೆ ಹೊದಿಸಿದಳು. ಬಯ್ದಿದ್ದರೆ ಮಗಳ ಎದೆ ಹಗುರವಾಗುತ್ತಿತ್ತು.

ರಜೆ ಮುಗಿಸಿ ಕೆಲಸಕ್ಕೆ ಮರಳಿದ ವಾರವೇ ಮತ್ತೆ ವಿಮಾನ ತುಂಬಿತು. ಹಠಕ್ಕೆ ಬಿದ್ದವಳಂತೆ ಅವಳು ಕೋಟು ತೊಟ್ಟವನೊಬ್ಬನನ್ನು ತಡೆದಳು. ಅವನು ಕೌಂಟರ್ ಗುದ್ದಿದ, ಯಾರಿಗೋ ಫೋನ್ ಹಚ್ಚಿದ. ಮೇಲ್ವಿಚಾರಕ ಓಡಿ ಬಂದು ಕ್ಷಮೆ ಕೇಳಿ ಅವನನ್ನು ಒಳಗೆ ಕಳಿಸಿದ. ಆಮೇಲೆ ಸಾಲಿನ ಕೊನೆಯಲ್ಲಿದ್ದ ಮುದುಕನೊಬ್ಬನನ್ನು ಕಣ್ಣಲ್ಲೇ ತೋರಿಸಿ, “ಇದನ್ನೂ ನಾನೇ ಕಲಿಸ್ಬೇಕಾ?” ಅಂದ.

ಅವಳು ಹೋಗಿ ಮಾತಾಡಿದಳು. ಮುದುಕ ತಲೆಯಾಡಿಸಿ ಪಕ್ಕಕ್ಕೆ ಸರಿದ.

ಕೆಲಸ ಬಿಡುವುದು ಅವಳಿಂದಾಗಲಿಲ್ಲ. ಮುಂದೊಮ್ಮೆ ಟಿಕೆಟ್ ಮಾಡಿಸುತ್ತೇನೆ ಬಾ ಅಂದಾಗ ತಾಯಿ, “ಬೇಡ ಬಿಡು, ಬಸ್ಸಲ್ಲಿ ಬರ್ತೀನಿ. ಅಲ್ಲಿ ಸೀಟಿಲ್ದಿದ್ರೆ ನಿಂತ್ಕೊಂಡಾದ್ರೂ ಬರಬಹುದು” ಅಂದಳು.