ನಾಟಿಗೆ ಹೋದದ್ದೂ ಪ್ರವಾಸವೇ

ನಾಟಿಗೆ ಹೋಗುವುದು ಪ್ರವಾಸ ಆಗುವುದಿಲ್ಲ ಎಂದವಳು ನನ್ನ ಚಿಗವ್ವ, ಅವ್ವನ ತಂಗಿ. "ಕೂಲಿಗೆ ಹೋಗೂದು ಪ್ರವಾಸ ಹೆಂಗ ಆಗತೈತಿ? ಪ್ರವಾಸ ಅಂದ್ರ ಸಾಲಿ ಮಕ್ಳು ಬಸ್ಸಿನ್ಯಾಗ ಹಾಡ ಹೇಳಕೋಂತ ಹೋಗ್ತಾರಲ್ಲ, ಅದು. ನೀ ಬರದಿದ್ದು ಯಾರೂ ತಗೊಳ್ಳಂಗಿಲ್ಲ, ಸುಮ್ನಿರು" ಎಂದಿದ್ದಳು.

ನಾನು ಸುಮ್ಮನಿರಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲಿಗಳು ನಾನು. ಬಿ.ಎ. ಕೂಡ ನನ್ನಿಂದ ಆಗದೆಂದು ಓಣಿಯೆಲ್ಲ ಹೇಳಿತ್ತು. ಆನ್‌ಲೈನ್ ಸಾಹಿತ್ಯ ಪತ್ರಿಕೆಯೊಂದು ಪ್ರವಾಸ ಬರಹವನ್ನೂ ಅದರ ಜೊತೆಗೆ ಫೋಟೋಗಳನ್ನೂ ಕೇಳಿತ್ತು. ನನಗೆ ಗೊತ್ತಿದ್ದ ಪ್ರವಾಸ ಒಂದೇ: ಯಲಬುರ್ಗಾ ಕಡೆಯ ನಮ್ಮೂರಿನ ಹೆಣ್ಣುಮಕ್ಕಳು ಒಂದೇ ಜೀಪಿನಲ್ಲಿ ಒತ್ತಿಕೊಂಡು ಕುಳಿತು, ಕೊಪ್ಪಳ, ಗಂಗಾವತಿ ದಾಟಿ, ಕಾರಟಗಿ ಹತ್ತಿರದ ಕ್ಯಾಂಪುಗಳಿಗೆ, ಅಂದರೆ ಕಾಲುವೆ ನೀರಾವರಿಯ ರೈತರ ಊರುಗಳಿಗೆ, ಭತ್ತದ ನಾಟಿಗೆ ಹೋಗುವುದು. ಕಾಲುವೆ ನೀರು ಕಂಡೊಡನೆ, ಮಳೆಯನ್ನೇ ನಂಬಿದ ನಮ್ಮವರೆಲ್ಲ ಕಿಟಕಿಯತ್ತ ಬಗ್ಗುತ್ತಾರೆ. ಗುಂಪಿನ ಹಿರಿಯಾಳು ಚಿಗವ್ವ. ಕಿಟಕಿ ಪಕ್ಕದ ಜಾಗ ಯಾವಾಗಲೂ ಅವಳದೇ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅದನ್ನೇ ಬರೆದೆ. ಗದ್ದೆಯಲ್ಲಿ ಮೊಬೈಲಿನಿಂದ ಫೋಟೋ ತೆಗೆದು ಕಳಿಸಿದೆ. ಸಂಪಾದಕರ ಉತ್ತರ ಬಂತು. ಬರಹ ಹಿಡಿಸಿದೆ, ಆದರೆ ಫೋಟೋಗಳಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾರೆ, ಯಾರೂ ಎಲ್ಲಿಗೂ ಹೋಗುತ್ತಿಲ್ಲ, ಬೇರೆ ಫೋಟೋ ಇಲ್ಲದಿದ್ದರೆ ಪ್ರಕಟಿಸಲಾಗದು ಎಂದಿತ್ತು.

ಮತ್ತೊಮ್ಮೆ ನೋಡಿದೆ. ನಿಜವೇ. ನಾನು ಮೊಬೈಲ್ ಎತ್ತಿದ ಕೂಡಲೇ ಎಲ್ಲರೂ ಕೆಸರಿನಿಂದ ಬದುವಿಗೆ ಹತ್ತಿ, ಕೈ ತೊಳೆದು, ಸೆರಗು ಸರಿಮಾಡಿಕೊಂಡು ನಿಂತಿದ್ದರು. "ಏ, ಒಬ್ಬರ ಹಿಂದ ಒಬ್ಬರು ಅಡಗಬ್ಯಾಡ್ರೇ, ಮಾರಿ ಕಾಣ್ಲಿಲ್ಲಂದ್ರ ಹಾಜರಿ ಬೀಳೂದಿಲ್ಲ!" ಎಂದು ಚಿಗವ್ವ ಕೂಗಿದ್ದಳು. ಉದ್ಯೋಗ ಖಾತ್ರಿ ಕೆಲಸದಲ್ಲಿ ಮೊಬೈಲ್ ಫೋಟೋದಿಂದಲೇ ಹಾಜರಿ. ನಮ್ಮವರಿಗೆ ಕೆಲಸದ ಜಾಗದಲ್ಲಿ ಫೋಟೋ ಎಂದರೆ ಅದೇ. ರಜೆಯಲ್ಲಿ ಆ ಸಾಲಿನಲ್ಲಿ ನಾನೂ ನಿಂತವಳು. ಅದಕ್ಕೇ ನನ್ನ ಕಣ್ಣಿಗೂ ಆ ಚಿತ್ರಗಳು ಚೆನ್ನಾಗಿಯೇ ಕಂಡಿದ್ದವು.

ಆ ವಾರವೇ ಗುಂಪು ಇನ್ನೊಂದು ಕ್ಯಾಂಪಿಗೆ ಹೊರಟಿತ್ತು. ನಾನೂ ಕೂಲಿಯಾಳಾಗಿಯೇ ಜೀಪು ಹತ್ತಿದೆ. ಮೊಬೈಲನ್ನು ರೊಟ್ಟಿ ಗಂಟಿನಲ್ಲಿ ಇಟ್ಟು ಕೆಸರಿಗಿಳಿದೆ. ಸೊಂಟ ಹಿಡಿದುಕೊಂಡಿತು. ನನ್ನ ಸಸಿಗಳು ಆ ಕಡೆ ಈ ಕಡೆ ವಾಲಿದವು.

"ಡಿಗ್ರಿ ಆಗೇತಿ, ಸಾಲು ನೋಡ್ರೇ, ಡೊಂಕ!" ಎಂದಳು ಪಕ್ಕದವಳು.

"ಓದಿದಾಕಿ ಬಂದಾಳಂತ ಸಸಿ ತಾವೇ ಎದ್ದು ನಿಂದ್ರತಾವೇನು?" ಎಂದು ಚಿಗವ್ವ ಒಗ್ಗರಣೆ ಹಾಕಿದಳು. ಗದ್ದೆಯೆಲ್ಲ ನಕ್ಕಿತು. ನಾನೂ ನಕ್ಕು ಮತ್ತೆ ಬಗ್ಗಿದೆ.

ನನ್ನನ್ನು ನೋಡಿ ನಕ್ಕು ನಕ್ಕು ಸಾಕಾದ ಮೇಲೆ, ಊಟದ ಹೊತ್ತಿಗೆ ನಾನು ಗಂಟಿನಿಂದ ಹೊರತೆಗೆದ ಮೊಬೈಲನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಆಗ ತೆಗೆದೆ: ಕಾಲುವೆ ದಂಡೆಯಲ್ಲಿ ಒಣಗುವ ಸೀರೆಗಳು, ಗಂಟಿನ ಮೇಲೆ ತಲೆಯಿಟ್ಟು ಮಲಗಿದ ಮುದುಕಿ, ಊರಿಗೆ ಮರಳಿದಾಗ ಜೀಪಿನಿಂದ ಇಳಿಯುತ್ತ, ಒಂದು ಕಾಲು ಇನ್ನೂ ಗಾಳಿಯಲ್ಲಿರುವ ಚಿಗವ್ವ.

ಪತ್ರಿಕೆ ಬರಹ, ಫೋಟೋ ಎರಡನ್ನೂ ಪ್ರಕಟಿಸಿತು. ಮೇಲ್‌ನಲ್ಲಿ ಪ್ರಮಾಣಪತ್ರವನ್ನೂ ಕಳಿಸಿತು. ಯಲಬುರ್ಗಾದ ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿ, ನೇರ ಚಿಗವ್ವನ ಕೈಗೆ ಕೊಟ್ಟೆ. ಓದಲು ಬಾರದ ಅವಳು ಅದನ್ನು ಹಿಂದೆ ಮುಂದೆ ತಿರುವಿದಳು.

"ಏನು ಬರದಾರ ಇದರಾಗ?"

"ಪ್ರವಾಸ ಬರಹಕ್ಕ ಕೊಟ್ಟದ್ದು ಅಂತ ಬರದಾರ, ಚಿಗವ್ವ."

ಮೊಬೈಲಿನಲ್ಲಿ ಅವಳ ಫೋಟೋ ತೋರಿಸಿದೆ. ಗಾಳಿಯಲ್ಲಿದ್ದ ತನ್ನ ಕಾಲಿನ ಮೇಲೆ ಬೆರಳಿಟ್ಟು ನೋಡಿದಳು. ಪ್ರಮಾಣಪತ್ರವನ್ನು ಸೆರಗಿನಿಂದ ಒರೆಸಿ ನನಗೆ ಮರಳಿ ಕೊಟ್ಟಳು.

"ಮುಂದಿನ ನಾಟಿಗೆ ಕಿಡಕಿ ಕಡೆ ನೀ ಕುಂದ್ರು. ಪ್ರವಾಸ ಬರ್ಯಾಕಿ ಹೊರಗ ನೋಡಬೇಕಲ್ಲ."