ಸೊಪ್ಪಿನ ಹೊರೆಯಲ್ಲಿ ಬಂದ ಮೊಲದ ಮರಿ

ಗೌರಿಬಿದನೂರು ಕಡೆಯ ನಮ್ಮೂರಿನಲ್ಲಿ ಆಗೆಲ್ಲ ರೇಷ್ಮೆಹುಳು ಸಾಕದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಬೀದಿಗೆ ಕಾಲಿಟ್ಟರೆ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಹುಳುಗಳು ಪೊರೆ ಬಿಡುವ ನಿದ್ದೆಗೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದವೆಂದರೆ ಅವುಗಳ ಹಸಿವಿಗೆ ಲಂಗುಲಗಾಮಿಲ್ಲ. ಅವು ತಿಂದ ಮೇಲೆಯೇ ನಮಗೆ ಮುದ್ದೆ, ಹುಳಿಸೊಪ್ಪು.

ಅಮ್ಮ ಕುಡುಮಲಕುಂಟೆಯ ಫ್ಯಾಕ್ಟರಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಏಳುವ ಮುಂಚೆಯೇ ಅವಳ ಬಸ್ಸು ಹೊರಟಿರುತ್ತಿತ್ತು, ಮರಳುತ್ತಿದ್ದುದು ಮುಸ್ಸಂಜೆಗೆ. ನಾನು ಅಜ್ಜಿಯ ಕೈಯಲ್ಲೇ ಬೆಳೆದವಳು. ಪಕ್ಕದ ಮನೆಯ ಮಂಜುಳಾ ಕುಂಟೆಬಿಲ್ಲೆ ಆಟದಲ್ಲಿ ಸೋತಾಗಲೆಲ್ಲ, "ನಿಮ್ಮಮ್ಮಂಗೆ ನಿನಗಿಂತ ಫ್ಯಾಕ್ಟರೀನೇ ಹೆಚ್ಚು ಕಣೇ" ಎಂದು ಚುಚ್ಚುತ್ತಿದ್ದಳು. ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಅದು ನಿಜವೇ ಇರಬಹುದೇನೋ ಎಂದು ಒಳಗೊಳಗೇ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿ ತೋಟದಿಂದ ತಂದ ಸೊಪ್ಪಿನ ಹೊರೆ ಬಿಚ್ಚಿದಳು. ಎಲೆಗಳ ನಡುವೆ ಅಂಗೈಯಷ್ಟೇ ದೊಡ್ಡದಾದ ಮೊಲದ ಮರಿ! ಕುಡುಗೋಲು ಪಕ್ಕದಲ್ಲೇ ಆಡಿದ್ದರೂ ಮಿಸುಕಾಡದೆ ಕೂತಿತ್ತೇನೋ, ಬಾಚಿ ಕಟ್ಟಿದ ಸೊಪ್ಪಿನ ಜೊತೆ ಮನೆಗೇ ಬಂದುಬಿಟ್ಟಿತ್ತು. ಈಗಲೂ ಕಣ್ಣು ಪಿಳಿಪಿಳಿ ಬಿಡುತ್ತಿತ್ತು ಅಷ್ಟೇ.

"ಪಾಪ, ಇದರಮ್ಮ ಬಿಟ್ಟೋಗಿದೆ ಅಜ್ಜಿ. ನಾನೇ ಸಾಕ್ತೀನಿ" ಎಂದೆ.

ಅಜ್ಜಿಗೆ ಸಿಟ್ಟೇ ಬಂತು. "ಬಿಟ್ಟೋಗಿದೆ ಅಂತ ಯಾರಮ್ಮ ಹೇಳಿದ್ದು ನಿಂಗೆ? ತಾಯಿ ಮೊಲ ಹಗಲೆಲ್ಲ ಮರಿ ಹತ್ರ ಸುಳಿಯಲ್ಲ. ಸುಳಿದ್ರೆ ಅದರ ವಾಸ್ನೆ ಹಿಡ್ಕೊಂಡು ನರಿ ಬರ್ತವೆ. ಮರೀನ ಉಳಿಸಕ್ಕೇ ಅದು ದೂರ ಇರೋದು. ಮುಚ್ಚಂಜೇಲಿ ಬಂದು ಹಾಲು ಕುಡಿಸ್ತದೆ. ಆಗ ಇಟ್ಟ ಜಾಗದಲ್ಲಿ ಮರಿ ಇಲ್ದಿದ್ರೆ ಅದರ ಹೊಟ್ಟೆ ಉರಿಯಲ್ವಾ? ನಡಿ, ಬಿಟ್ಟು ಬರಣ."

ಮನೆಯಲ್ಲಿ ಹುಳುಗಳು ಹಸಿದಿದ್ದವು. ಅವಕ್ಕೆ ಅವಸರದಲ್ಲಿ ನಾಲ್ಕು ಹಿಡಿ ಸೊಪ್ಪು ಹಾಕಿ ಹೊರಟೆವು. ಕೈ ತಾಗದಂತೆ ಎಲೆಗಳ ಸಮೇತ ಮರಿಯನ್ನು ಎತ್ತಿಕೊಂಡು ಹೋಗಿ, ಅಜ್ಜಿ ಕೊಯ್ಲು ನಿಲ್ಲಿಸಿದ್ದ ಸಾಲಿನ ಬುಡದಲ್ಲಿ ಬಿಟ್ಟೆವು. ಆ ಸಾಲನ್ನು ಕೊಯ್ಯುವುದಿಲ್ಲವೆಂದು ಅಜ್ಜಿ ಅಲ್ಲೇ ತೀರ್ಮಾನಿಸಿದಳು. ತಾಯಿ ಬಾರದಿದ್ದರೆ ಎಂಬ ಭಯಕ್ಕೆ ನಾನು ಮನೆಗೆ ಹೋಗಲೊಪ್ಪದೆ ದೂರದ ಬದುವಿನ ಮೇಲೆ ಕೂತೆ, ಅಜ್ಜಿಯೂ ಜೊತೆಗೆ ಕೂತಳು.

ಹೊತ್ತು ಇಳಿಯಿತು. ಮನೆಗೆ ಬೀಗ ಕಂಡ ಅಮ್ಮ ಬುತ್ತಿಚೀಲ ಹಿಡಿದೇ ತೋಟಕ್ಕೆ ಬಂದಳು. ಅಜ್ಜಿ ಅವಳ ಕಿವಿಯಲ್ಲಿ ಎಲ್ಲ ಹೇಳಿದಳು. ಮೂವರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಎದುರಿನ ಬದುವಿನಾಚೆ ಎರಡು ಕಿವಿ ಕಂಡವು. ಮೊಲ ನೇರವಾಗಿ ಬರಲಿಲ್ಲ. ನಿಂತು, ಆಲಿಸಿ, ಸುತ್ತುಬಳಸಿ ಬಂದು ಆ ಸಾಲಿಗೇ ನುಗ್ಗಿತು. ಮರಿ ಅದರ ಹೊಟ್ಟೆಯಡಿ ಸೇರಿತು. ನನಗೆ ಎದ್ದು ಕುಣಿಯಬೇಕೆನ್ನಿಸಿತು.

"ನೋಡ್ದಾ?" ಎಂದು ಅಜ್ಜಿ ಪಿಸುಗುಟ್ಟಿದಳು. "ಮರಿಗೆ ಹೆದರಿಕೆ ಇರ್ಲಿಲ್ಲ ಅಂತಲ್ಲ. ಅಮ್ಮ ಬಂದೇ ಬರ್ತಾಳೆ ಅನ್ನೋ ನಂಬಿಕೆ. ದೇವರೂ ಅಷ್ಟೇ ಕಣಮ್ಮ. ಹಗಲೆಲ್ಲ ಪಕ್ಕದಲ್ಲಿ ಕೂತಿರಲ್ಲ. ಹಂಗಂತ ಕೈಬಿಟ್ಟ ಅನ್ಬಾರದು."

ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅವಳ ಕೈಗೆ ಮಿಷನ್ ಎಣ್ಣೆಯ ವಾಸನೆ. "ಅಲ್ಲಿ ಕೂತಿದ್ರೂ ನಿಂದೇ ಗ್ಯಾನ ಕಣೇ ನಂಗೆ" ಎಂದಳು.

ಮಾರನೆಯ ದಿನ ಮಂಜುಳಾ ಬಾಯಿ ತೆರೆಯುವ ಮೊದಲೇ ನಾನು, "ನಮ್ಮಮ್ಮ ಮೊಲ ಕಣೇ, ಮೊಲ!" ಎಂದು ಎದೆಯುಬ್ಬಿಸಿ ಹೇಳಿದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ನಾನೂ ತಿಳಿಸಲಿಲ್ಲ.

ಈಗ ಆ ತೋಟದ ಜಾಗದಲ್ಲಿ ಗೋದಾಮು ನಿಂತಿದೆ. ಅಜ್ಜಿಯಿಲ್ಲ. ಮೊಲ ನನ್ನ ಮಗಳಿಗೆ ಮೊಬೈಲಿನಲ್ಲಿ ಮಾತ್ರ ಗೊತ್ತು. ಅಮ್ಮ ಕೆಲಸ ಬಿಟ್ಟು ಹಗಲೆಲ್ಲ ಮನೆಯಲ್ಲೇ ಇರುತ್ತಾಳೆ, ಯಾವಾಗ ಫೋನ್ ಮಾಡಿದರೂ ಸಿಗುತ್ತಾಳೆ. ಅದು ಸಂತೋಷವೇ. ಆದರೆ ಆ ಮೊಲದ ಸಂಜೆಯ ನಂತರ ದಿನವೆಲ್ಲ ಕಾದು, ಮುಸ್ಸಂಜೆಯಲ್ಲಿ ದೂರದಿಂದ ಅವಳನ್ನು ಕಂಡು, "ಅಗೋ, ನಮ್ಮಮ್ಮ ಬಂದಳು" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದೆನಲ್ಲ, ಆ ಹೆಮ್ಮೆ ನನಗೆ ಮತ್ತೆ ಯಾವುದರಿಂದಲೂ ಬಂದಿಲ್ಲ.